ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಸಮುರಾಯ್ ಚಿತ್ರಗಳು: ಕಾಲವನ್ನು ತಿಳಿಯುವುದು ಹೇಗೆ?

ಪ್ರಶ್ನೆ (ಉಡುಪಿ)

ಹಡಗಿನಲ್ಲಿ ಉದ್ಯೋಗದಲ್ಲಿದ್ದ ನನ್ನ ಅಜ್ಜ ತಂದಿಟ್ಟಿದ್ದ ಮೂರು ಜಪಾನಿ ಚಿತ್ರಗಳು ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿವೆ. ಮೂರರಲ್ಲಿಯೂ ಸಮುದ್ರತೀರದ ಕಾಳಗವಿದ್ದು, ಯೋಧರ ಕಣ್ಣುಗುಡ್ಡೆಗಳು ಮೂಗಿನತ್ತ ವಾಲಿವೆ. ಸಹಿ ಹತ್ತೊಂಬತ್ತನೆಯ ಶತಮಾನದ ಚಿತ್ರಕಾರ ಕುನಿಯೋಶಿಯದೆಂದೂ, ನಾಯಕನ ಹೆಸರು ಮಾಶಿಬಾ ಹಿಸಾಯೋಶಿ ಎಂದೂ ಜಪಾನಿ ಬಲ್ಲ ಪರಿಚಯಸ್ಥರೊಬ್ಬರು ಓದಿ ಹೇಳಿದರು. ಆದರೆ ಆ ಹೆಸರಿನ ಸೇನಾನಿ ಇತಿಹಾಸದಲ್ಲಿ ಕಾಣುವುದಿಲ್ಲ. ಸಹಿಯ ಬಳಿ ಎರಡು ಪುಟ್ಟ ದುಂಡು ಮುದ್ರೆಗಳಿವೆ. ಇವು ಹಳೆಯವೇ, ಈಚಿನ ನಕಲುಗಳೇ?

ಉತ್ತರ 1 (ಮಂಗಳೂರು)

ಸಹಿಗಿಂತ ಮುದ್ರೆಯನ್ನು ನಂಬುವುದು ಒಳ್ಳೆಯದು. ಜಪಾನಿನಲ್ಲಿ ಅಚ್ಚಿಗೆ ಹೋಗುವ ಚಿತ್ರಕ್ಕೆ ಸರ್ಕಾರದ ಪರಿಶೀಲಕರ ಒಪ್ಪಿಗೆ ಬೇಕಿತ್ತು. ಆ ಒಪ್ಪಿಗೆಯ ಗುರುತನ್ನು ಚಿತ್ರ ಅಚ್ಚೊತ್ತುವ ಮರದ ಹಲಗೆಯಲ್ಲಿಯೇ ಕೆತ್ತುತ್ತಿದ್ದರು. ಪರಿಶೀಲಕರ ಹೆಸರಿನ ಒಂದೇ ಮುದ್ರೆಯಿದ್ದರೆ ಸುಮಾರು 1843ರಿಂದ 1847, ಜೋಡಿ ಮುದ್ರೆಯಿದ್ದರೆ 1847ರಿಂದ 1852, ಅನಂತರ ವರ್ಷ ಮತ್ತು ತಿಂಗಳನ್ನು ಸೂಚಿಸುವ ಮುದ್ರೆಯೂ ಸೇರಿಕೊಂಡಿತು. ಕುನಿಯೋಶಿ ತೀರಿಕೊಂಡದ್ದು 1861ರಲ್ಲಿ, ಆದ್ದರಿಂದ ಕಾಲವೇನೋ ಹೊಂದುತ್ತದೆ. ಆದರೆ ಹೊಸದಾಗಿ ಕೆತ್ತಿದ ಹಲಗೆಯಲ್ಲಿಯೂ ಹಳೆಯ ಮುದ್ರೆಯನ್ನು ಕೆತ್ತಬಹುದು. ಭೂತಗನ್ನಡಿ ಹಿಡಿದಾಗ ಬಣ್ಣ ಚುಕ್ಕೆ ಚುಕ್ಕೆಯಾಗಿ ಕಂಡರೆ ಅದು ಯಂತ್ರದ ಮುದ್ರಣ. ಹಾಳೆಯ ಬೆನ್ನಿಗೆ ಬಣ್ಣ ಇಳಿದಿದ್ದು, ಕೈಯಿಂದ ಉಜ್ಜಿದ ಗುರುತು ಕಂಡರೆ ಅದು ಮರದಚ್ಚು.

ಉತ್ತರ 2 (ಮಂಗಳೂರು)

ಹೆಸರಿನ ಗುಟ್ಟು ಇನ್ನೂ ಸ್ವಾರಸ್ಯವಾಗಿದೆ. ಹಿಸಾಯೋಶಿ ಎಂದರೆ ಹದಿನಾರನೆಯ ಶತಮಾನದ ಕೊನೆಯಲ್ಲಿ ಜಪಾನನ್ನು ಒಗ್ಗೂಡಿಸಿದ ಸೇನಾನಿ ಟೊಯೊಟೊಮಿ ಹಿದೆಯೋಶಿಯೇ. 1573ರ ಈಚೆಗಿನ ಯೋಧರನ್ನು ನಿಜನಾಮದಿಂದಲೂ ಲಾಂಛನದಿಂದಲೂ ಚಿತ್ರಿಸಬಾರದೆಂಬ ಕಟ್ಟಳೆ ಅನಂತರ ಜಪಾನನ್ನು ಆಳಿದ ಟೊಕುಗಾವಾ ಮನೆತನದ ಆಡಳಿತದಲ್ಲಿ ಇತ್ತು. ಹಿದೆಯೋಶಿಯನ್ನು ಚಿತ್ರಿಸಿದ್ದಕ್ಕಾಗಿ ಉತಾಮಾರೋನಂತಹ ಹೆಸರಾಂತ ಕಲಾವಿದನಿಗೆ 1804ರಲ್ಲಿ ಐವತ್ತು ದಿನ ಕೈಕೋಳ ಬಿತ್ತು. ಆದ್ದರಿಂದ ಕಲಾವಿದರು ಹೆಸರನ್ನು ತುಸು ತಿರುಚಿದರು, ಕೊಳ್ಳುವವರು ಸುಲಭವಾಗಿ ಗುರುತಿಸಿದರು. ಹಿದೆಯೋಶಿಯ ಎದುರಾಳಿ ಅಕೆಚಿ ಮಿತ್ಸುಹಿದೆಯೂ ಹೀಗೆಯೇ ತಾಕೆಚಿ ಆದನು.

ಓರೆಗಣ್ಣು ಜಪಾನಿನ ಕಬುಕಿ ರಂಗಭೂಮಿಯಿಂದ ಬಂದ ಬಿಗಿ ಭಂಗಿ. ಯೋಧರ ತೋಳಿನ ಬಟ್ಟೆಯಲ್ಲಿ ನಟರ ಮನೆತನದ ಲಾಂಛನವಿದೆಯೇ ನೋಡಿ. ಇದ್ದರೆ ಅದು ಯುದ್ಧದ ಚಿತ್ರವಲ್ಲ, ನಾಟಕದ ಚಿತ್ರ. ಯಕ್ಷಗಾನದ ಕರ್ಣನ ವೇಷದ ಫೋಟೋ ಕರ್ಣನದೂ ಹೌದು, ವೇಷಧಾರಿಯದೂ ಹೌದು ಎಂಬಂತೆ.

ಉತ್ತರ 3 (ಕಾಪು)

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಾಗದಕ್ಕೆ ಬೂಸ್ಟು ಬರುವುದು ನಿಜವಾದರೂ, ಒಮ್ಮೆ ಅಂಟಿಸಿದ ಪ್ಲಾಸ್ಟಿಕ್ಕನ್ನು ಹಾಳೆಗೆ ಗಾಯವಾಗದಂತೆ ಬಿಡಿಸುವುದು ಅಸಾಧ್ಯವೆನ್ನಬಹುದು. ಕಟ್ಟು ಹಾಕಿಸುವಾಗ ಗಾಜು ಹಾಳೆಗೆ ತಾಗದಂತೆ ನಡುವೆ ಅಂತರವಿಡಿಸಿ, ಹೊರಗೋಡೆಗೆ ತೂಗುಹಾಕದಿರಿ. ಇಂತಹ ಚಿತ್ರಗಳಲ್ಲಿ ಬಳಸುತ್ತಿದ್ದ ಕುಸುಬೆ ಹೂವಿನ ಕೆಂಪು ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬೆನ್ನಿನಲ್ಲಿ ಉಜ್ಜಿದ ಗುರುತಿದೆ, ನಟರ ಲಾಂಛನವಿಲ್ಲ. ಆದರೆ ಎಡಗಡೆಯ ಹಾಳೆಯಲ್ಲಿ ಒಂದೇ ಮುದ್ರೆಯಿದೆ. ಮೂರು ಹಾಳೆ ಸೇರಿ ಒಂದೇ ಚಿತ್ರವಾಗಬಹುದೆಂದು ಪಕ್ಕಪಕ್ಕ ಇಟ್ಟಾಗ ಅದರ ಅಲೆಗಳ ಗೆರೆ ನಡುವಿನ ಹಾಳೆಯ ಅಲೆಗೆ ಕೂಡುವುದೂ ಇಲ್ಲ. ಅಜ್ಜನಿಗೆ ಅಂಗಡಿಯವನು ಬೇರೊಂದು ಚಿತ್ರದ ಹಾಳೆಯನ್ನು ಸೇರಿಸಿ ಜೊತೆ ಮಾಡಿ ಕೊಟ್ಟಿರಬೇಕು.