ಅಪ್‌ಡೇಟ್: ಐಸ್‌ಲ್ಯಾಂಡ್ ರೆಸಿಡೆನ್ಸಿಯಲ್ಲಿ ಕಡೆಗೆ ಆದದ್ದು

ರೆಸಿಡೆನ್ಸಿ ಅಂದರೆ ಕಲಾವಿದರು ಕೆಲಕಾಲ ಒಂದೆಡೆ ಉಳಿದು ಕೆಲಸ ಮಾಡುವ ವ್ಯವಸ್ಥೆ. ಅಲ್ಲಿ ಪಾಚಿ ಹೊದ್ದ ಲಾವಾ ಬಯಲಲ್ಲಿ ಕಲ್ಲು ಜೋಡಿಸಿ ಕಲಾಕೃತಿ ಮಾಡಲು ಹೊರಟರೆ ಜೊತೆಯ ಕಲಾವಿದೆ ಬೇಡ ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ನೀರು, ಬೆಳಕು, ಮಂಜಿನಂಥ ನಿಸರ್ಗದ ವಸ್ತುಗಳಿಂದ ಕಲಾಕೃತಿ ಮಾಡುವ ಕಲಾವಿದ ಓಲಾಫುರ್ ಎಲಿಯಾಸನ್ ಉದಾಹರಣೆ ಕೊಡಿ ಅಂದಿದ್ದಿರಿ. ಕೊಟ್ಟೆ, ಕೆಲಸಕ್ಕೆ ಬರಲಿಲ್ಲ. ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯನ್ನು 2015ರಲ್ಲಿ ಪ್ಯಾರಿಸ್‌ಗೆ ಸಾಗಿಸಿ ಕರಗಲು ಬಿಟ್ಟರಲ್ಲ, ಆ ಸಾಗಣೆಯ ಹೊಗೆಗೆ ಏನಂತೀರಿ ಅಂತ ಆ ಕಲಾವಿದೆಯೇ ತಿರುಗಿ ಕೇಳಿದರು. ಜನ ಮುಟ್ಟಿ ನೋಡಿದ್ದಕ್ಕೂ ಬೆಲೆ ಇದೆ ಅಲ್ವಾ ಅಂತ ನನ್ನ ವಾದ.

ಉಪಯೋಗಕ್ಕೆ ಬಂದದ್ದು "ಪಾಚಿ ಬಿಟ್ಟು ಕಡಲತೀರಕ್ಕೆ ಇಳಿಯಿರಿ" ಅಂದವರ ಸಲಹೆ. ತುಳಿದ ಪಾಚಿ ಚೇತರಿಸಿಕೊಳ್ಳಲು ದಶಕಗಳೇ ಬೇಕಂತೆ. ಇಳಿತದ ಹೊತ್ತಲ್ಲಿ, ದಡಕ್ಕೆ ತೇಲಿಬಂದ ಮರದ ತುಂಡುಗಳನ್ನು ರಂಗೋಲಿ ಎಳೆಗಳ ಹಾಗೆ ಜೋಡಿಸಿದೆ. ಉಪ್ಪುನೀರಲ್ಲಿ ಬಿಳಿಚಿದ ಮರ ಕಪ್ಪು ಮರಳ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತೆ ಅಂತೀರಾ! ಉಬ್ಬರಕ್ಕೆ ಮೊದಲೇ ಫೋಟೋ ತೆಗೆದು, ಮರವನ್ನು ವಾಪಸ್ ಮೇಲಕ್ಕೆ ಹೊತ್ತು ಹಾಕಿದೆ. ಬೆನ್ನು ಬಿದ್ದೇ ಹೋಯಿತು.

ಆಶ್ಚರ್ಯ ಏನೆಂದರೆ ಆ ಮರ ಐಸ್‌ಲ್ಯಾಂಡಿನದಲ್ಲ. ಹೆಚ್ಚಿನದು ಸೈಬೀರಿಯಾದ ನದಿಗಳಿಂದ ಹೊರಟು, ಕಡಲ ಹಿಮದ ಜೊತೆ ಬರುತ್ತದೆ. ದಡಕ್ಕೆ ಬಿದ್ದ ಮೇಲೆ ಅದು ಜಮೀನಿನವರದ್ದು, ಹಳೇ ಕಾಲದಿಂದ ಬಂದ ಹಕ್ಕು. ಸುಮ್ನೆ ಎತ್ತಿಕೊಳ್ಳಬೇಡಿ, ಅಲ್ಲಿನ ರೈತರನ್ನು ಮೊದಲು ಕೇಳಿ.

ಫೋಟೋಗಳು ಪ್ರದರ್ಶನಕ್ಕೆ ಹೋದವು. ಮಂಜುಗಡ್ಡೆಯ ಜಗಳ ಮಾತ್ರ ಇನ್ನೂ ವಾಟ್ಸಾಪ್‌ನಲ್ಲಿ ನಡೆಯುತ್ತಿದೆ.