ಇಂಗ್ಲಿಷ್ ಮನೆಮಾತಿನವರು ಕಲಿತವರ ಇಂಗ್ಲಿಷನ್ನು ಹೇಗೆ ಕೇಳಿಸ್ಕೋತಾರೆ?

ಪದಯಾತ್ರಿ (ಪ್ರಶ್ನೆ):
ಇಂಗ್ಲಿಷ್ ಮನೆಮಾತಾಗಿರೋರ ವಿಷಯದಲ್ಲಿ ಮೂರು ಸಂಗತಿ ಬಗೆಹರಿಯೋದಿಲ್ಲ. ಕಲಿಯೋರು ತಪ್ಪು ಮಾತಾಡಿದರೂ ಅವರು ತಿದ್ದಲ್ಲ, ಇದು ಸೌಜನ್ಯವೋ ಉದಾಸೀನವೋ? ನಾಲ್ಕು ಮಾತಾಡೋದರೊಳಗೆ "ನಿಮ್ಮ ಇಂಗ್ಲಿಷ್ ಚೆನ್ನಾಗಿದೆ" ಅಂದುಬಿಡ್ತಾರೆ, ಅದನ್ನು ಮೆಚ್ಚುಗೆ ಅಂತ ತಗೋಬೇಕಾ? ಇನ್ನೊಂದು, ವ್ಯಾಕರಣ ಪೂರ್ತಿ ಸರಿಯಿದ್ದಾಗಲೂ ಒಮ್ಮೊಮ್ಮೆ ಅವರ ಮುಖ ಬಿಗಿಯಾಗುತ್ತೆ. ಹಾಗಾದರೆ ಉಚ್ಚಾರಣೆಯನ್ನೇ ಪೂರ್ತಿ ಬದಲಾಯಿಸ್ಕೋಬೇಕಾ? ತಿಳಿದವರು ವಿವರವಾಗಿ ಹೇಳಿ.

ಸ್ವರಭಾರ:
ಮುಖ ಬಿಗಿಯಾಗೋ ವಿಷಯ ಮೊದಲು ಹೇಳ್ತೀನಿ, ಯಾಕಂದ್ರೆ ಅತಿ ಹೆಚ್ಚು ಹಾನಿ ಆಗೋದು ಅಲ್ಲೇ.

ಜಾನ್ ಗಂಪರ್ಜ್ ಅನ್ನೋ ಭಾಷಾವಿಜ್ಞಾನಿ ಬ್ರಿಟನ್ನಿನ ಒಂದು ವಿಮಾನ ನಿಲ್ದಾಣದ ಕ್ಯಾಂಟೀನನ್ನು ಅಧ್ಯಯನ ಮಾಡಿದ್ದರು. ಅಲ್ಲಿ ಬಡಿಸೋ ಕೆಲಸಕ್ಕೆ ಹೊಸದಾಗಿ ಸೇರಿದ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಒರಟರು ಅನ್ನೋ ದೂರಿತ್ತು. ಅವರು ಆಡ್ತಿದ್ದ ಮಾತು ತೀರಾ ಕಡಿಮೆ. ಮಾಂಸದ ಜೊತೆ ಗ್ರೇವಿ ಬೇಕಾ ಅಂತ ಕೇಳೋಕೆ "ಗ್ರೇವಿ" ಅನ್ನೋ ಒಂದೇ ಪದ. ಇಂಗ್ಲಿಷರು ಅದೇ ಪದವನ್ನು ದನಿ ಏರಿಸಿ "ಗ್ರೇವಿ?" ಅಂತಾರೆ. ಈ ಹೆಂಗಸರು ದನಿ ಇಳಿಸಿ ನಿಲ್ಲಿಸ್ತಿದ್ದರು. ಅವರ ಭಾಷೆಯ ರೂಢಿಯಲ್ಲಿ ಅದು ಸಹಜವಾದ ಪ್ರಶ್ನೆ. ಕೇಳಿದವರ ಕಿವಿಗೆ ಮಾತ್ರ "ಇದು ಗ್ರೇವಿ, ಬೇಕಾದ್ರೆ ತಗೊ" ಅನ್ನೋ ಹಾಗೆ ಬೀಳ್ತಿತ್ತು. ರೆಕಾರ್ಡಿಂಗ್ ಹಾಕಿ ಇಬ್ಬರಿಗೂ ಕೇಳಿಸಿದ ಮೇಲೇ ಗಂಟು ಬಿಚ್ಚಿದ್ದು.

ವ್ಯಾಕರಣ ತಪ್ಪಿದರೆ "ಪಾಪ, ಕಲೀತಿದ್ದಾರೆ" ಅಂತ ಕೇಳುಗರು ಬಿಟ್ಟುಬಿಡ್ತಾರೆ. ದನಿ ತಪ್ಪಿದರೆ ಅದು ಭಾಷೆಯ ತಪ್ಪು ಅಂತ ಅವರಿಗೆ ಹೊಳೆಯೋದೇ ಇಲ್ಲ, ನೇರ ಸ್ವಭಾವಕ್ಕೆ ಅಂಟಿಸ್ತಾರೆ. ಭಾಷಾವಿಜ್ಞಾನಿ ಜೆನ್ನಿ ಥಾಮಸ್ 1983ರಲ್ಲೇ ಇದನ್ನು ವಿವರಿಸಿದ್ದಾರೆ: ನಿಮ್ಮ ವ್ಯಾಕರಣ ಚೆನ್ನಾಗಿದ್ದಷ್ಟೂ ಈ ರಿಯಾಯಿತಿ ಕಡಿಮೆಯಾಗ್ತಾ ಹೋಗುತ್ತೆ.

ಕನ್ನಡದವರಿಗೆ ಇಲ್ಲಿ ಒಂದು ವಿಶೇಷ ಅಪಾಯವಿದೆ. "ಕೊಡು" ಅನ್ನೋದನ್ನು "ಕೊಡಿ" ಮಾಡಿದರೆ ಮರ್ಯಾದೆ ಕ್ರಿಯಾಪದದಲ್ಲೇ ಬಂದುಬಿಡುತ್ತೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯ ಇಲ್ಲ. "ಗಿವ್ ಮಿ ದ ಫೈಲ್" ಅನ್ನೋದಕ್ಕೆ "ಪ್ಲೀಸ್" ಸೇರಿಸಿದರೂ ಅದು ಆಜ್ಞೆಯಾಗೇ ಉಳಿಯುತ್ತೆ. ಅಲ್ಲಿ ಮರ್ಯಾದೆ ಇರೋದು ವಾಕ್ಯವನ್ನು ಪ್ರಶ್ನೆಯಾಗಿ ತಿರುಗಿಸೋದರಲ್ಲಿ: "ಕುಡ್ ಐ ಹ್ಯಾವ್ ದ ಫೈಲ್, ಪ್ಲೀಸ್?" ಹಾಗೇ "ಐ ಹ್ಯಾವ್ ಎ ಡೌಟ್" ಅಂದರೆ ನೀವು ಅವರ ಮಾತನ್ನು ನಂಬ್ತಿಲ್ಲ ಅಂತ ಕೇಳಿಸಬಹುದು, "ಐ ಹ್ಯಾವ್ ಎ ಕ್ವೆಶ್ಚನ್" ಅನ್ನಿ. ಸರಳ ಪ್ರಶ್ನೆಗೆ "ಆಫ್ ಕೋರ್ಸ್" ಅಂತ ಉತ್ತರಿಸಿದರೆ "ಇಷ್ಟೂ ಗೊತ್ತಿಲ್ವಾ" ಅನ್ನೋ ಧ್ವನಿ ಬರುತ್ತೆ. "ಯೆಸ್, ಇಟ್ ಈಸ್" ಸಾಕು.

ಮೆಲುನುಡಿ:
ತಿದ್ದದಿರೋದಕ್ಕೆ ಬರ್ತೀನಿ. ಅದು ಉದಾಸೀನ ಅಲ್ಲ. ವಯಸ್ಕರೊಬ್ಬರ ಮಾತನ್ನು ನಡುವೆ ತಡೆದು ತಿದ್ದೋದು ಅವರಲ್ಲಿ ಅವಮಾನ ಮಾಡಿದ ಹಾಗೆ. ಅರ್ಥ ಆಯ್ತು ಅಂದ್ರೆ ಮುಂದೆ ಹೋಗ್ತಾರೆ. ಜೊತೆಗೆ, ಹೆಚ್ಚಿನವರಿಗೆ ಯಾವುದು ತಪ್ಪು ಅಂತ ಗೊತ್ತಾಗುತ್ತೆ, ಯಾಕೆ ತಪ್ಪು ಅಂತ ಹೇಳೋಕೆ ಬರಲ್ಲ. ನಮ್ಮ ವಿಭಕ್ತಿ ಪ್ರತ್ಯಯದ ನಿಯಮ ಕೇಳಿದರೆ ನಾವೂ ತಡವರಿಸ್ತೀವಲ್ಲ, ಹಾಗೆ.

ಆದ್ರೆ ಅವರು ಗೊತ್ತಿಲ್ಲದ ಹಾಗೆ ತಿದ್ದುತ್ತಲೇ ಇರ್ತಾರೆ, ಗಮನಿಸಿ. ನೀವು "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಅಂತೀರಿ. ಅವರು "ಓ, ಯು ಹ್ಯಾವ್ ಟೂ ಬ್ರದರ್ಸ್?" ಅಂತಾರೆ. ಅದೇ ತಿದ್ದುಪಡಿ. ಕಲಿಯೋರು ಅದನ್ನು ಬರೀ ಹೂಂಗುಟ್ಟೋದು ಅಂದ್ಕೊಂಡು "ಯೆಸ್, ಯೆಸ್" ಅಂತ ದಾಟಿಬಿಡ್ತಾರೆ. ಕೆನಡಾದ ಫ್ರೆಂಚ್ ತರಗತಿಗಳಲ್ಲಿ ಲಿಸ್ಟರ್ ಮತ್ತು ರಾಂಟಾ ಅನ್ನೋ ಸಂಶೋಧಕರು 1997ರಲ್ಲಿ ತೋರಿಸಿದ್ದೂ ಇದನ್ನೇ: ಶಿಕ್ಷಕರು ಅತಿ ಹೆಚ್ಚು ಬಳಸೋ ತಿದ್ದುಪಡಿ ಇದು, ಕಲಿಯೋರು ಅತಿ ಕಡಿಮೆ ಹಿಡ್ಕೊಳ್ಳೋದೂ ಇದನ್ನೇ. ಆದ್ದರಿಂದ "ಯೆಸ್, ಐ ಹ್ಯಾವ್ ಟೂ ಬ್ರದರ್ಸ್" ಅಂತ ಅವರ ರೂಪವನ್ನೇ ಬಾಯಿಬಿಟ್ಟು ತಿರುಗಿ ಹೇಳಿ, ಆಮೇಲೆ ಮಾತು ಮುಂದುವರಿಸಿ.

"ನನ್ನ ತಪ್ಪೆಲ್ಲ ತಿದ್ದಿ" ಅಂತ ಕೇಳಬೇಡಿ. ಒಪ್ಕೊಂಡು ಐದು ನಿಮಿಷದಲ್ಲಿ ಮರೀತಾರೆ. ಒಬ್ಬರನ್ನೇ ಆರಿಸ್ಕೊಳ್ಳಿ, ಒಂದೇ ಬಗೆಯ ತಪ್ಪು ಹೇಳಿ (ಬರೀ ಭೂತಕಾಲ, ಅಥವಾ ಬರೀ "ಎ" ಮತ್ತು "ದ"), ಹತ್ತು ನಿಮಿಷಕ್ಕೆ ಸೀಮಿತ ಮಾಡಿ. ಎರಡು ವಾಕ್ಯ ಮುಂದಿಟ್ಟು "ಯಾವುದು ಸಹಜವಾಗಿ ಕೇಳುತ್ತೆ?" ಅಂದರಂತೂ ಖುಷಿಯಿಂದ ಉತ್ತರಿಸ್ತಾರೆ.

ಹೊಗಳಿಕೆ ಬಹುಪಾಲು ಮನಸ್ಸಿನಿಂದಲೇ ಬರೋದು. ಆದರೆ ಇಂಗ್ಲಿಷಿನಲ್ಲೇ ಓದಿ ಬೆಳೆದವರಿಗೆ ಅದು ಚುಚ್ಚೋದೂ ನ್ಯಾಯವೇ. "ಥ್ಯಾಂಕ್ಯೂ" ಅಂದು ತಕ್ಷಣ ಬಿಟ್ಟ ವಿಷಯಕ್ಕೆ ಮರಳಿ. "ಇಲ್ಲ ಇಲ್ಲ, ನನ್ನ ಇಂಗ್ಲಿಷ್ ಕೆಟ್ಟದು" ಅಂದರೆ ಮಾತೆಲ್ಲ ನಿಮ್ಮ ಇಂಗ್ಲಿಷಿನ ಸುತ್ತಲೇ ತಿರುಗುತ್ತೆ.

ಕಿವಿಗೊಡಿ:
ಮೇಲಿನ ಎರಡೂ ಉತ್ತರ ಸರಿ, ಆದ್ರೆ ಹೊರೆಯನ್ನೆಲ್ಲ ಕಲಿಯೋರ ತಲೆಗೆ ಹಾಕಿದ ಹಾಗಾಯ್ತು. ಕೇಳೋರ ಕಿವಿಯಲ್ಲೂ ದೋಷ ಇರುತ್ತೆ.

1992ರಲ್ಲಿ ಡೊನಾಲ್ಡ್ ರೂಬಿನ್ ಅನ್ನೋ ಸಂಶೋಧಕರು ಅಮೆರಿಕದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮನೆಮಾತಿನ ಒಬ್ಬರದೇ ದನಿಯಲ್ಲಿದ್ದ ಉಪನ್ಯಾಸ ಕೇಳಿಸಿದರು. ಕೆಲವರಿಗೆ ಬಿಳಿಯ ಮಹಿಳೆಯ ಫೋಟೋ, ಇನ್ನು ಕೆಲವರಿಗೆ ಏಷ್ಯಾದ ಮಹಿಳೆಯ ಫೋಟೋ ತೋರಿಸಿದ್ದರು. ಏಷ್ಯಾದ ಮುಖ ನೋಡಿದವರಿಗೆ ಇಲ್ಲದ ವಿದೇಶಿ ಉಚ್ಚಾರಣೆ ಕೇಳಿಸ್ತು, ಅರ್ಥವಾಗಿದ್ದೂ ಕಡಿಮೆ. 2010ರಲ್ಲಿ ಲೆವ್-ಆರಿ ಮತ್ತು ಕೈಸರ್ ತೋರಿಸಿದ್ದು ಇನ್ನೊಂದು: ಕೇಳೋಕೆ ಕಷ್ಟವಾಗೋ ಉಚ್ಚಾರಣೆಯಲ್ಲಿ ಹೇಳಿದ ಸಂಗತಿ ಕಡಿಮೆ ನಿಜ ಅನ್ನಿಸುತ್ತೆ, ಬೇರೆಯವರು ಬರೆದುಕೊಟ್ಟದ್ದನ್ನು ಓದ್ತಿದ್ದಾರೆ ಅಂತ ಮೊದಲೇ ತಿಳಿಸಿದ್ದರೂ. ಕಿವಿಗಾದ ಶ್ರಮವನ್ನು ಮನಸ್ಸು ಅನುಮಾನ ಅಂತ ಲೆಕ್ಕ ಹಾಕುತ್ತೆ.

ಸಮಾಧಾನದ ವಿಷಯ ಅಂದ್ರೆ ಕಿವಿ ಬೇಗ ಪಳಗುತ್ತೆ. ಕ್ಲಾರ್ಕ್ ಮತ್ತು ಗ್ಯಾರೆಟ್ 2004ರಲ್ಲಿ ಅಳೆದ ಪ್ರಕಾರ ಹೊಸ ಉಚ್ಚಾರಣೆಗೆ ಹೊಂದ್ಕೊಳ್ಳೋಕೆ ಒಂದು ನಿಮಿಷದೊಳಗೆ ಕೆಲವೇ ವಾಕ್ಯ ಸಾಕು. ಹಾಗಾಗಿ ಮುಖ್ಯವಾದ ಸಂಖ್ಯೆ, ಹೆಸರು, ಬೇಡಿಕೆ ಮೊದಲ ವಾಕ್ಯದಲ್ಲಿ ಇಡಬೇಡಿ. ಎರಡು ಮೂರು ವಾಕ್ಯದಲ್ಲಿ ವಿಷಯ ಏನು ಅಂತ ಹೇಳಿ, ಆಮೇಲೆ ಅಸಲು ಮಾತಿಗೆ ಬನ್ನಿ. "ಸಾರಿ?" ಅಂದರೆ ಅದೇ ವಾಕ್ಯವನ್ನು ಜೋರಾಗಿ ಹೇಳಬೇಡಿ, ಸಿಕ್ಕಿಹಾಕ್ಕೊಂಡ ಪದವನ್ನೇ ಬದಲಿಸಿ.

ಸ್ವರಭಾರ:
ಒಪ್ತೀನಿ, ಅದು ಬರಬೇಕಿತ್ತು. ಉಚ್ಚಾರಣೆ ಪೂರ್ತಿ ಬದಲಾಯಿಸಬೇಕಾ ಅನ್ನೋದಕ್ಕೆ ಉತ್ತರ: ಬೇಡ. ವಿದೇಶಿ ಛಾಯೆ ಗಾಢವಾಗಿದ್ದೂ ಪ್ರತಿ ಪದ ಅರ್ಥವಾಗಬಹುದು ಅಂತ ಮನ್ರೋ ಮತ್ತು ಡರ್ವಿಂಗ್ 1995ರಲ್ಲೇ ತೋರಿಸಿದ್ದಾರೆ. "ಥ್ಯಾಂಕ್ಸ್" ಅನ್ನೋದರ "ಥ" ನಮ್ಮದೇ ಇರಲಿ. ಮೂರು ಮಾತ್ರ ಸರಿಮಾಡ್ಕೊಳ್ಳಿ.

ಮೊದಲನೆಯದು ಒತ್ತು. "ಡೆವಲಪ್", "ಹೋಟೆಲ್", "ಈವೆಂಟ್", "ಕಮಿಟಿ" ಎಲ್ಲದರಲ್ಲೂ ಒತ್ತು ಬೀಳೋದು ಎರಡನೇ ಅಕ್ಷರದ ಮೇಲೆ. ನಿಘಂಟಿನಲ್ಲಿ ಒತ್ತಿನ ಅಕ್ಷರ ಶುರುವಾಗೋ ಮೊದಲು ಮೇಲ್ಗಡೆ ಸಣ್ಣ ನೆಟ್ಟಗೆರೆ ಇರುತ್ತೆ, ನೋಡ್ಕೊಳ್ಳಿ. ಒತ್ತು ಅಂದರೆ ಬರೀ ಜೋರು ಅಲ್ಲ: ಆ ಸ್ವರವನ್ನು ಎಳೀಬೇಕು, ಉಳಿದವನ್ನು ನುಂಗಬೇಕು. ದಿನಕ್ಕೆ ಐದು ಪದ, ರೆಕಾರ್ಡ್ ಮಾಡಿ ನಿಘಂಟಿನ ದನಿಯ ಜೊತೆ ಹೋಲಿಸಿ.

ಎರಡನೆಯದು ಪದದ ಮೊದಲಿನ ಪ, ಟ, ಕ. ಉಸಿರಿಲ್ಲದೆ "ಪಿನ್" ಅಂದರೆ ಅವರಿಗೆ "ಬಿನ್" ಕೇಳಿಸುತ್ತೆ. ತೆಳು ಕಾಗದದ ಪಟ್ಟಿಯನ್ನು ತುಟಿಯಿಂದ ನಾಲ್ಕು ಬೆರಳು ದೂರ ಹಿಡಿದು "ಪಿನ್" ಅನ್ನಿ. ಪಟ್ಟಿ ಅಲುಗಬೇಕು, "ಬಿನ್" ಅಂದಾಗ ಅಲುಗಬಾರದು.

ಮೂರನೆಯದು "ವೆಸ್ಟ್" (west, vest ಎರಡನ್ನೂ ನಾವು ಹೀಗೇ ಹೇಳಿಬಿಡ್ತೀವಿ). ಪಶ್ಚಿಮ ಅನ್ನೋ ಅರ್ಥದ್ದಕ್ಕೆ ತುಟಿ ದುಂಡಗೆ, ಹಲ್ಲು ತಾಗಬಾರದು. ಬನಿಯನ್ ಅನ್ನೋ ಅರ್ಥದ್ದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು.

ಪದಯಾತ್ರಿ:
ತುಂಬ ಉಪಕಾರ ಆಯ್ತು. ಫೋನಿನಲ್ಲಿ ಸಂಖ್ಯೆ ಹೇಳುವಾಗ ತಪ್ಪಾಗಿ ಕೇಳಿಸ್ಕೊಳ್ಳೋದು ಯಾಕೆ?

ಕಿವಿಗೊಡಿ:
"ಥರ್ಟೀನ್", "ಥರ್ಟಿ" ಎರಡಕ್ಕೂ ಒಂದೇ ತೂಕ ಕೊಡೋದರಿಂದ. ಹದಿಮೂರಕ್ಕೆ "ಟೀನ್" ಎಳೀರಿ, ಮೂವತ್ತಕ್ಕೆ "ಥರ್" ಒತ್ತಿ "ಟಿ" ಮೊಟಕು ಮಾಡಿ. ಆಮೇಲೆ ಬಿಡಿಬಿಡಿಯಾಗಿ "ಒನ್ ತ್ರೀ" ಅಥವಾ "ತ್ರೀ ಝೀರೋ" ಅಂತಾನೂ ಹೇಳಿ, ಕೊನೆಗೆ ಅವರ ಬಾಯಲ್ಲೇ ಒಮ್ಮೆ ಓದಿಸಿ.