ಮಾರ್ಕೆಟ್ ಮಾಳಿಗೆಯ ನೀರು: ಭಾನುವಾರ ಸೇರೋಣ

ಅಡ್ಮಿನ್:
ನಮ್ಮ ಮೈಸೂರಿನ ದೇವರಾಜ ಮಾರ್ಕೆಟ್ ಗೋಡೆ ಮೇಲೆ ಬೆಳೆದಿರೋ ಅರಳಿ ಗಿಡದ ಫೋಟೋ ನೋಡಿದಿರಲ್ಲ? ಮೊನ್ನೆ ಮಳೆಗೆ ಮಾಳಿಗೆ ನೀರು ಕೊಳವೆಯಲ್ಲಿ ಇಳೀದೆ ಗೋಡೆ ಮೇಲೇ ಸುರೀತಿತ್ತು. ದಸರಾ ಮುಂಚೆ ಮಳೆ ಇನ್ನೂ ಇದೆ. ಭಾನುವಾರ ಸೇರಿ ಅರ್ಜಿ ಬರೆಯೋಣ. ಯಾರ್ಯಾರು ಬರ್ತೀರಿ?

ಎರಡನೇ ಕ್ರಾಸ್ ಮೇಲ್ಮನೆ:
ಅರ್ಜಿ ಯಾಕಣ್ಣ? 2023ರಲ್ಲಿ ಹೈಕೋರ್ಟೇ ಕೆಡವೋಕೆ ದಾರಿ ಬಿಟ್ಟುಕೊಟ್ಟಿದೆ. ಹೋಗೋ ಕಟ್ಟಡದ ಗಿಡ ಕಿತ್ತು ಏನು ಪ್ರಯೋಜನ? ನನ್ನ ಮಕ್ಕಳು ದಿನಾ ಆ ಗೋಡೆ ಪಕ್ಕದಲ್ಲೇ ಸ್ಕೂಲಿಗೆ ಹೋಗ್ತಾರೆ. 2012ರ ಆಗಸ್ಟ್‌ನಲ್ಲಿ ಇಲ್ಲೇ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜನ ಹೋದ್ರು. ಅದನ್ನ ಮರೆಯೋಕಾಗಲ್ಲ.

ನಿವೃತ್ತ ಎಂಜಿನಿಯರ್, ಮೂಲೆ ಮನೆ:
ತಾಯಿ, ನಿಮ್ಮ ಭಯ ನ್ಯಾಯವಾದದ್ದು. ಕಮಾನು ಅಪಾಯದಲ್ಲಿದ್ರೆ ಇವತ್ತೇ ಊರೆ, ಅಂದ್ರೆ ಆಸರೆ ಕಂಬ, ಕೊಟ್ಟು ದಾರಿ ಬಂದ್ ಮಾಡಬೇಕು, ಅರ್ಜಿಯ ಮೊದಲ ಸಾಲು ಅದೇ ಇರಲಿ. ಆದರೆ ಕಟ್ಟಡಕ್ಕೆ ವಯಸ್ಸಾಯ್ತು, ಅದಕ್ಕೇ ಬೀಳ್ತಿದೆ ಅಂತ ಕೆಲವರು ಅನ್ನೋ ಮಾತನ್ನ ನಾನು ಒಪ್ಪಲ್ಲ.

ಇದು ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ರೂಪ ಪಡೆದ ಮಾರ್ಕೆಟ್ಟು. ಚಿಕ್ಕ ಗಡಿಯಾರ ಗೋಪುರದಿಂದ ಧನ್ವಂತರಿ ರಸ್ತೆವರೆಗೂ ಉದ್ದಕ್ಕೆ ಹಬ್ಬಿದೆ. ಮುಂದಿರೋ ಸಯ್ಯಾಜಿರಾವ್ ರಸ್ತೆ ಬಂದಿದ್ದು ಪೂರ್ಣಯ್ಯನವರ ನಾಲೆ ಮುಚ್ಚಿದ ಮೇಲೆ. ಕಾವೇರಿ ನೀರನ್ನ ಊರಿಗೆ ತರಬೇಕು ಅಂತ ದಿವಾನರು ತೋಡಿಸಿದ ನಾಲೆ ಅದು, ನೀರು ಮಾತ್ರ ಬರಲಿಲ್ಲ. ಈಗ ಅದೇ ರಸ್ತೆಯಲ್ಲಿ ಜಂಬೂಸವಾರಿ ಸಾಗುತ್ತೆ.

ಇಟ್ಟಿಗೆ, ಸುಣ್ಣದ ಗಾರೆ, ಸುರ್ಕಿಯಲ್ಲಿ (ಇಟ್ಟಿಗೆ ಪುಡಿ) ಕಟ್ಟಿದ ಗೋಡೆ ನೆನೆಯುತ್ತೆ, ಒಣಗುತ್ತೆ. ಅದರ ಮೇಲೆ ಸಿಮೆಂಟ್ ಮೆತ್ತಿದ್ರೆ ಒಳಗಿನ ತೇವಕ್ಕೆ ಹೊರಗೆ ಬರೋ ದಾರಿ ಇಲ್ಲ, ಗಾರೆ ಪುಡಿಯಾಗುತ್ತೆ. ಮಾಳಿಗೆ ಕೊಳವೆ ಕಟ್ಟಿಕೊಂಡ್ರೆ ನೀರು ಬಿರುಕು ಹುಡುಕುತ್ತೆ, ಬಿರುಕಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆಯುತ್ತೆ. ಮೇಲಿಂದ ಕತ್ತರಿಸಿದ್ರೆ ಮತ್ತೆ ಚಿಗುರುತ್ತೆ. ಬೇರು ಸಾಯಿಸಿ, ಸಂದಿಗೆ ಸುಣ್ಣದ ಗಾರೆ ತುಂಬಬೇಕು. ಸಾಮಾನ್ಯ ಕೆಲಸ, ಆದರೆ ವರ್ಷ ವರ್ಷ ಮಾಡಬೇಕು.

2016ರ ಆಗಸ್ಟ್ 28ಕ್ಕೆ ಧನ್ವಂತರಿ ರಸ್ತೆ ಕಡೆಯ ಭಾಗ ಬಿದ್ದಾಗ ದುರಸ್ತಿ ನಡೀತಾ ಇತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಆಮೇಲೆ ಉಳಿಸಬಹುದು ಅಂತ ಒಂದು ಕಡೆ ತಜ್ಞರು, ಕೆಡವಿ ಅದೇ ಮಾದರಿಯಲ್ಲಿ ಕಟ್ಟಬೇಕು ಅಂತ ಇನ್ನೊಂದು ಕಡೆಯವರು. ಕೆಡವಿ ಕಟ್ಟಿದ್ರೆ ಮುಖ ಅದೇ ಇರಬಹುದು. ಸುಣ್ಣದ ಗೋಡೆಯ ತಂಪು, ಅಂಗಡಿಯಿಂದ ಅಂಗಡಿಗೆ ಹಾಯೋ ಗಾಳಿ, ಅದಕ್ಕೆ ಯಾರು ಜವಾಬ್ದಾರಿ ತಗೊಳ್ತಾರೆ? ನನಗಂತೂ ಉಳಿಸಬೇಕು ಅಂತಲೇ ಆಸೆ. ದೊಡ್ಡ ತೀರ್ಮಾನ ಏನೇ ಆಗಲಿ, ಅಲ್ಲಿವರೆಗೂ ಒಳಗೆ ನೂರಾರು ಅಂಗಡಿಯವರು ಇದ್ದಾರಲ್ಲ. ಅವರ ತಲೆ ಮೇಲಿನ ನೀರು ಆ ತೀರ್ಮಾನಕ್ಕೆ ಕಾಯಲ್ಲ.

ಹೂವಿನಂಗಡಿ ಅಕ್ಕ:
ಸಾರ್ ಹೇಳಿದ್ದು ನಿಜ. ನಮ್ಮತ್ತೆ ಕೂತ ಜಾಗದಲ್ಲೇ ನಾನು ಮಲ್ಲಿಗೆ ಕಟ್ತೀನಿ. ಮಳೆ ಬಂದ್ರೆ ಮೊಳದ ಹೂವೆಲ್ಲ ಪ್ಲಾಸ್ಟಿಕ್ ಹೊದ್ದು ಕೂರುತ್ತೆ. ಎದುರಿನ ಬಾಳೆಹಣ್ಣಿನವರು, ವೀಳ್ಯದೆಲೆಯವರು ಸೈನ್ ಹಾಕ್ತೀವಿ ಅಂದಿದ್ದಾರೆ. ಆದರೆ ಒಂದು ಮಾತು ಬರೀರಿ. ರಿಪೇರಿ ಅಂತ ನಮ್ಮನ್ನ ಎಬ್ಬಿಸಿದ್ರೆ ಎಲ್ಲಿ ಕೂರಿಸ್ತಾರೆ, ಯಾವಾಗ ವಾಪಸ್ ಕರೀತಾರೆ ಅನ್ನೋದು ಕಾಗದದಲ್ಲಿ ಬೇಕು. ಬಾಯಿ ಮಾತು ನಂಬಿ ಎದ್ದು ಹೋಗೋಕೆ ಆಗಲ್ಲ.

ಎರಡನೇ ಕ್ರಾಸ್ ಮೇಲ್ಮನೆ:
ಊರೆ ಕೊಡೋದು ಮೊದಲ ಸಾಲಲ್ಲಿ ಇದ್ರೆ ನಾನೂ ಸೈನ್ ಹಾಕ್ತೀನಿ. ಅಕ್ಕನ ಮಾತೂ ಸೇರಲಿ.

ವಕೀಲರು, ಗಿರಣಿ ಪಕ್ಕ:
ಕೋರ್ಟ್ ವಿಷಯ ಅರ್ಜಿಯಲ್ಲಿ ಎಳೀಬೇಡಿ, ದಿನದ ನಿರ್ವಹಣೆ ಮಾತ್ರ ಕೇಳಿ. ಸ್ಥಿರತೆ ಪರೀಕ್ಷೆಯ ವರದಿಗಳ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಬೇರೆ ಅರ್ಜಿ ನಾನು ಹಾಕ್ತೀನಿ. ಪರಂಪರೆ ಇಲಾಖೆಗೂ ಒಂದು ಪ್ರತಿ ಹೋಗಲಿ.

ಅಡ್ಮಿನ್:
ಸರಿ. ಫೋಟೋ ತೆಗೆಯೋರು ತಾರೀಕು ಕಾಣೋ ಹಾಗೆ ತೆಗೀರಿ: ಕೊಳವೆ, ಗಿಡ, ಬಿರುಕು. ಯಾರೂ ಮಾಳಿಗೆ ಹತ್ತಬೇಡಿ, ಕೆಳಗಿಂದಲೇ ಸಾಕು. ಕರಡು ಸಾರ್ ಬರೀತಾರೆ. ಭಾನುವಾರ ಬೆಳಿಗ್ಗೆ 7ಕ್ಕೆ ಚಿಕ್ಕ ಗಡಿಯಾರದ ಹತ್ರ, ವ್ಯಾಪಾರ ಜೋರಾಗೋ ಮುಂಚೆ ಅಂಗಡಿಯವರ ಸಹಿ ಮುಗಿಸಿಬಿಡೋಣ.